ಸದ್ದಡಗಿದ ಸವತಿ

ಹಿಂದಿನ ಕೋಣೆಯ ಮಿಷನ್ನಿಗೆ ಸವತಿ ಎಂದು ಹೆಸರಿಟ್ಟವಳು ಡ್ರೈವರನ ಹೆಂಡತಿ. ಹೆಸರೇನೂ ತಪ್ಪಲ್ಲ. ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಡ್ರೈವರ್ ಆಸೆಪಟ್ಟು ತಂದ ಪುಟ್ಟ ಮಿಲ್ಲಿಂಗ್ ಮಿಷನ್ ಅದು, ಮೇಜಿನ ಮೇಲೆ ಕೂರುವಷ್ಟೇ ಗಾತ್ರ. ಅದರ ಕಟರ್ ಮೇಲಿನಿಂದ ತಿರುಗುತ್ತ ಇಳಿದು ಕೆಳಗೆ ಬಿಗಿದ ಲೋಹವನ್ನು ಹೆರೆಯುತ್ತದೆ. ಅವನ ನಯವಾದ ಮಾತು, ಒಳ್ಳೆಯ ಎಣ್ಣೆ, ಒರೆಸಲು ಮೆತ್ತಗಿನ ಹಳೇ ಬನಿಯನ್ ಎಲ್ಲ ಅದಕ್ಕೇ ಮೀಸಲು. ಅದರ ಬಾಯಿ ಮಾತ್ರ ಬಲು ಜೋರು. ಒಳಗಿನ ಪ್ಲಾಸ್ಟಿಕ್ ಗೇರುಗಳು ಕಟಕಟನೆ ಹಲ್ಲು ಕಡಿಯತೊಡಗಿದರೆ ಅಡುಗೆಮನೆಯ ತಟ್ಟೆಗಳೂ ತಾಳ ಹಾಕುತ್ತಿದ್ದವು.

ಈಗ ಮಗಳು ಹಸುಗೂಸಿನೊಂದಿಗೆ ಕೆಲವು ತಿಂಗಳು ಇಲ್ಲೇ ಇರಲು ಬರುವವಳಿದ್ದಳು. ತೊಟ್ಟಿಲಿಡಲು ಇದ್ದದ್ದು ಪಕ್ಕದ ಕೋಣೆಯೊಂದೇ, ನಡುವೆ ತೆಳ್ಳನೆಯ ಗೋಡೆ. ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಅಪ್ಪ, ಸದ್ದು ಮಾಡೋದು ಯಾವುದೂ ಮನೇಲಿ ಇರಬಾರದು."

ಸುದ್ದಿ ತಿಳಿದು ಕಿವಿ ನಿಮಿರಿದ್ದು ಷಡ್ಡಕನಿಗೆ. ಡ್ರೈವರನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಅವನಿಗೆ ಮರಗೆಲಸದ ದೊಡ್ಡ ಶೆಡ್ಡಿತ್ತು, ಈ ಮಿಷನ್ ಮೇಲೆ ಮೊದಲಿನಿಂದಲೂ ಕಣ್ಣಿತ್ತು. "ಚಿಂತೆ ಬಿಡಣ್ಣಾ, ಸದ್ದು ಮಾಡೋದನ್ನೆಲ್ಲ ನನ್ನ ಶೆಡ್ಡಿಗೆ ತಗೊಂಡು ಹೋಗ್ತೀನಿ," ಎಂದು ನಕ್ಕ. ಅವನು ನಕ್ಕರೆ ಬೀದಿಯ ಆ ಕೊನೆಗೂ ಕೇಳಿಸುತ್ತಿತ್ತು.

ಬಿಟ್ಟುಕೊಡುವ ಮಾತೇ ಇರಲಿಲ್ಲ. ಡ್ರೈವರ್ ಮಿಷನ್ನಿನ ತಲೆ ಬಿಚ್ಚಿ ನೋಡಿದ. ಗಲಾಟೆಗೆಲ್ಲ ಆ ಎರಡು ಗೇರುಗಳೇ ಮೂಲ. ಅವನ್ನು ಕಿತ್ತು, ಮೋಟಾರಿಗೊಂದು ಕಟರಿನ ದಂಡಕ್ಕೊಂದು ಪುಲ್ಲಿ ಕೂರಿಸಿ, ನಡುವೆ ರಬ್ಬರ್ ಬೆಲ್ಟ್ ಹಾಕಿದರೆ ಬಾಯಿ ಮುಚ್ಚುತ್ತದೆ. ಪುಲ್ಲಿ, ಬೆಲ್ಟು ಪೇಟೆಯಲ್ಲೇ ಸಿಕ್ಕವು. ಮೋಟಾರು ಕೂರಿಸಲು ಮಾತ್ರ ದಪ್ಪನೆಯ ಅಲ್ಯುಮಿನಿಯಂ ಪ್ಲೇಟ್ ಬೇಕು, ಬೆಲ್ಟ್ ಬಿಗಿಮಾಡುವಾಗ ಮೋಟಾರು ಹಿಂದೆ ಮುಂದೆ ಸರಿಯುವಂತೆ ಅದರಲ್ಲಿ ಉದ್ದನೆಯ ಸೀಳುಗಳು ಬೇಕು. ಅವನ್ನು ಕೊರೆಯಲು ಮನೆಯಲ್ಲಿದ್ದದ್ದು ಇದೇ ಮಿಷನ್, ಅದರ ಗೇರಿನಲ್ಲೋ ಆಗಲೇ ಒಂದು ಹಲ್ಲು ಬಿರುಕು ಬಿಟ್ಟಿತ್ತು. ಅಂದರೆ ಸವತಿ ತನ್ನ ಆಪರೇಷನ್ನನ್ನು ತಾನೇ ಮಾಡಿಕೊಳ್ಳಬೇಕು, ಅದೂ ನಡುವೆ ಪ್ರಾಣ ಬಿಡದೆ.

ಡ್ರೈವರ್ ಉಸಿರು ಬಿಗಿಹಿಡಿದು, ಒಂದೊಂದು ಸಲಕ್ಕೂ ಕೂದಲೆಳೆಯಷ್ಟೇ ಆಳ ಕೊಡುತ್ತ ಕೊರೆದ. ಕಿಕ್ಕಿರಿದ ಬಸ್ಸನ್ನು ಘಾಟಿಯಲ್ಲಿ ಇಳಿಸುವಾಗ ಇರುತ್ತಿದ್ದ ತಾಳ್ಮೆಯೆಲ್ಲ ಅವನ ಬೆರಳಿಗೆ ಬಂದಿತ್ತು. ಹೆಂಡತಿ ಊಟಕ್ಕೆ ಕರೆದು ಕರೆದು ಸೋತು ಬಾಗಿಲಲ್ಲೇ ನಿಂತುಬಿಟ್ಟಳು. ಕೊನೆಯ ಸೀಳು ಮುಗಿದ ಮೇಲೆ ಸ್ವಿಚ್ ಆರಿಸಿ ಗೇರು ಬಿಚ್ಚಿದರೆ ಬಿರುಕು ಬಿಟ್ಟ ಹಲ್ಲು ಕೈಗೇ ಬಂತು. ಅದನ್ನು ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದ.

"ಇಷ್ಟೊತ್ತೂ ಹಲ್ಲು ಕಚ್ಚಿ ತಡ್ಕೊಂಡಿತ್ತು ಕಣೇ."

"ನಾನೂ ಅಷ್ಟೇ ರೀ," ಎಂದಳು ಅವಳು.

ಮಗಳು ಬಂದ ದಿನವೇ ಷಡ್ಡಕನೂ ಲಗೇಜ್ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಡ್ರೈವರ್ ಅಂದು ಬೆಳಗ್ಗೆಯಷ್ಟೇ ಬೆಲ್ಟ್ ಬಿಗಿದಿದ್ದ, ಇನ್ನೂ ಓಡಿಸಿರಲಿಲ್ಲ. ಮೊದಲ ಸಲ ಷಡ್ಡಕನ ಕಣ್ಣೆದುರೇ ಓಡಿಸಬೇಕೆಂಬ ಜಂಬ ಅವನಿಗೆ. ಸ್ವಿಚ್ ಒತ್ತಿದ. ಬೆಲ್ಟಿನ ಸಣ್ಣ ಸುಯ್ಲು ಬಿಟ್ಟರೆ ಸದ್ದೇ ಇಲ್ಲ. ಎದೆಯುಬ್ಬಿಸಿಕೊಂಡು ಕಟರನ್ನು ಕಬ್ಬಿಣದ ತುಂಡಿಗೆ ತಾಗಿಸಿದ. ಒಂದು ಚೂರೂ ಹೆರೆಯಲಿಲ್ಲ, ಉಜ್ಜಿ ಉಜ್ಜಿ ಹೊಗೆ ಎದ್ದಿತು ಅಷ್ಟೇ.

"ಸದ್ದೂ ಹೋಯ್ತು, ಕೆಲಸಾನೂ ಹೋಯ್ತು. ಗಾಡಿಗೆ ಕಟ್ಟೋಕೆ ಹಗ್ಗ ತರ್ಲಾ ಅಣ್ಣಾ?" ಎಂದ ಷಡ್ಡಕ.

ಡ್ರೈವರನ ಮುಖ ಸಪ್ಪಗಾಯಿತು. ಆಗಲಿಲ್ಲ ಎನ್ನುವುದಕ್ಕಿಂತ ಇವನ ಮುಂದೆ ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಏನೂ ತೋಚದೆ ಡಬ್ಬಿಯಲ್ಲಿದ್ದ ಹಳೆಯ ಗೇರುಗಳನ್ನು ತೆಗೆದು, ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂರಿಸಿ ತಿರುಗಿಸಿದ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಮಿಷನ್ ನಿಲ್ಲಿಸಿ ಬೆಲ್ಟನ್ನು ಕೈಯಿಂದ ಎಳೆದ. ಪುಲ್ಲಿಗಳು ಎರಡೂ ಒಂದೇ ಕಡೆಗೆ ತಿರುಗಿದವು. ಗೇರು ಹೋದದ್ದೇ ಕಟರ್ ಉಲ್ಟಾ ತಿರುಗಿ, ಹರಿತದ ಅಂಚಿನ ಬದಲು ಬೆನ್ನಿನಿಂದ ಕಬ್ಬಿಣವನ್ನು ಉಜ್ಜುತ್ತಿತ್ತು. ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ತಾನು ರಿವರ್ಸಿನಲ್ಲಿದ್ದೇನೆ ಎಂಬುದೇ ಗೊತ್ತಾಗಿರಲಿಲ್ಲ. ಪ್ಲಗ್ ಕಿತ್ತು, ಮೋಟಾರಿನ ಎರಡು ವೈರುಗಳನ್ನು ಅದಲು ಬದಲು ಮಾಡಿದ.

ಈ ಸಲ ಕಟರ್ ತಾಗಿದ್ದೇ ತಡ, ಹೊಳೆಹೊಳೆವ ಚೂರುಗಳು ಉದುರತೊಡಗಿದವು. ಅಷ್ಟರಲ್ಲಿ ಮಗಳು ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಯಾವಾಗ ಶುರು ಮಾಡ್ತೀಯಪ್ಪ? ಇವನು ಏಳ್ತಾನೋ ಇಲ್ಲವೋ ನೋಡೇಬಿಡೋಣ."

ಡ್ರೈವರ್ ಅವಳ ಅಂಗೈ ಹಿಡಿದು ಮಿಷನ್ನಿನ ತಲೆಯ ಮೇಲಿಟ್ಟ. ಆ ಸಣ್ಣ ನಡುಕ ಕೈಗೆ ತಾಕಿದಾಗಷ್ಟೇ ಅವಳು ಉದುರುತ್ತಿದ್ದ ಚೂರುಗಳನ್ನು ಕಂಡಳು. ಇಷ್ಟನ್ನೂ ನೀನೇ ಮಾಡಿದೆಯಾ ಎಂದು ಕೇಳಿದಳು. "ಇನ್ಯಾರು ಮಾಡ್ತಾರೆ," ಎಂದು ಬಾಗಿಲಿನಿಂದಲೇ ಉತ್ತರ ಕೊಟ್ಟವಳು ಹೆಂಡತಿ. ಆ ದನಿಯಲ್ಲಿ ಹೆಮ್ಮೆಯಿತ್ತು.

ಷಡ್ಡಕನಿಗೆ ತಡೆಯಲಾಗಲಿಲ್ಲ. ಇಂಥ ಡ್ರೈವರ್ ರಿವರ್ಸಿನಲ್ಲಿ ಹೋದ ಕತೆ ಶುರುಮಾಡಿ, ಮುಗಿಸುವ ಮೊದಲೇ ಹೋ ಎಂದು ನಕ್ಕ. ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

"ಚಿಕ್ಕಪ್ಪ," ಎಂದಳು ಮಗಳು, ಕೂಸಿನ ಬೆನ್ನು ತಟ್ಟುತ್ತ. "ಸದ್ದು ಮಾಡೋದನ್ನೆಲ್ಲ ನಿಮ್ಮ ಶೆಡ್ಡಿಗೆ ತಗೊಂಡು ಹೋಗ್ತೀನಿ ಅಂದಿದ್ರಲ್ಲ. ಹೊರಡಿ ಮತ್ತೆ."

ಡ್ರೈವರ್ ತಲೆ ಎತ್ತಲಿಲ್ಲ, ಕಟರನ್ನು ಮುಂದಕ್ಕೆ ಸರಿಸಿದ. ಮಿಷನ್ ಓಡುತ್ತಲೇ ಇತ್ತು, ಆದರೂ ಷಡ್ಡಕನ ಖಾಲಿ ಗಾಡಿ ಬೀದಿಯ ತಿರುವು ದಾಟುವವರೆಗೂ ಗಾಡಿಯ ಸದ್ದು ಅವನಿಗೆ ಚೆನ್ನಾಗಿ ಕೇಳಿಸಿತು.