ಅಕ್ಕನಿಗೆ ಗಂಡು ನೋಡಲು ಹೋದದ್ದು

ಜಲಜ ಸೀರೆ ಮಡಚುತ್ತಿದ್ದಳು. ಇನ್ನೊಂದು ತುದಿ ಹಿಡಿದಿದ್ದ ಮಗಳು ಚೇತನಾ ಮುಂದೆ ಬಂದು ಅಂಚಿಗೆ ಅಂಚು ಕೂಡಿಸಿ ಕೊಟ್ಟಳು. ಹಸಿರು ಸೀರೆ, ಕೆಂಪು ಅಂಚು. ಯಾರೂ ಉಟ್ಟದ್ದಲ್ಲ.

ಸೀರೆ ಶ್ರೀಲತಾಳಿಗೆಂದು ತಂದದ್ದು. ಚೇತನಾಳ ಅಕ್ಕ. ಚೇತನಾ ಹುಟ್ಟುವ ಮೊದಲೇ, ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡವಳು. ಸತ್ತ ಮಕ್ಕಳು ಆ ಕಡೆ ಬೆಳೆಯುತ್ತಲೇ ಇರುತ್ತಾರೆ, ಪ್ರಾಯಕ್ಕೆ ಬಂದರೆ ಅವರಿಗೂ ಮದುವೆಯಾಗಬೇಕು ಎಂದು ಅವರ ಮನೆತನದ ನಂಬಿಕೆ. ಚೇತನಾಳಿಗೆ ಬಂದ ಮೂರು ಸಂಬಂಧಗಳು ಒಂದರ ಹಿಂದೊಂದು ಮುರಿದಾಗ, ದೈವ ಮೈಮೇಲೆ ಬರುವ ಪಾತ್ರಿ ಹೇಳಿದ್ದೂ ಅದನ್ನೇ: ದೊಡ್ಡವಳು ದಾರಿಗೆ ಅಡ್ಡ ಕೂತಿದ್ದಾಳೆ, ಮೊದಲು ಅವಳನ್ನು ದಾಟಿಸಿ. ಈಗ ಕೋಟದ ಹುಡುಗನೊಬ್ಬ ಒಪ್ಪಿದ್ದ. ಚೇತನಾಳ ಮನಸ್ಸಿಗೂ ಅವನು ಬಂದಿದ್ದ. ಅಕ್ಕನದು ಮುಗಿದರೆ ತನ್ನದು.

ಘಟ್ಟದ ಮೇಲಿನ ಪೇಟೆಯಲ್ಲಿ ಮೀನು ಮಾರುವ ಸರಸಳ ಮಗ ಯತೀಶ ಐದು ವರ್ಷಕ್ಕೇ ಕೆರೆಗೆ ಬಿದ್ದು ತೀರಿಹೋಗಿದ್ದ. ಜಾತಿ ಒಂದೇ, ಗೋತ್ರದಂತೆ ನೋಡುವ ಬಳಿ ಬೇರೆ. ಶ್ರೀಲತಾಳನ್ನು ಅವನಿಗೆ ಕೊಡಲು ಅಡ್ಡಿಯಿರಲಿಲ್ಲ.

"ಎರ್ಡ್ ದಿನ ಗಟ್ಟದ್ ಮೇಲೆ ತಿರ್ಗಾಡ್ಕಂಡ್ ಬತ್ತೊ," ಎಂದು ಅಪ್ಪ ಪ್ರೇಮಾನಂದ ಕಿರಿಮಂಜೇಶ್ವರದ ನೆರೆಯವರಿಗೆ ಹೇಳಿದ್ದ. ಬೈಂದೂರಿನಲ್ಲಿ ಬಸ್ಸು ಹತ್ತಿ ನಾಲ್ಕು ಟಿಕೆಟ್ ಕೇಳಿದ.

"ಹ್ವಾಯ್, ಕಾಂಬುದ್ ಮೂರೇ ಜನ. ನಾಕನೇದ್ ಎಲ್ಲಿ, ಟಾಪಿನ್ ಮೇಲಾ?" ಎಂದ ಕಂಡಕ್ಟರ್.

"ಕಿಟಕಿ ಬದಿಗ್ ಕೂಕಂಡಿತ್," ಎಂದ ಪ್ರೇಮಾನಂದ.

ಕಂಡಕ್ಟರ್ ಖಾಲಿ ಸೀಟನ್ನು ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ನಾಲ್ಕನೆಯ ಟಿಕೆಟನ್ನೂ ಹರಿದುಕೊಟ್ಟ.

ಪೇಟೆ ಚೇತನಾಳಿಗೆ ಬಹಳ ಹಿಡಿಸಿತು. ಒಂದೇ ಬೀದಿ, ಇಳಿಜಾರಿನಲ್ಲಿ ಹೆಂಚಿನ ಅಂಗಡಿಗಳು, ಬಾಗಿಲವರೆಗೂ ಬಂದು ನಿಲ್ಲುವ ಮಂಜು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎಲ್ಲಿಗೂ ಪ್ರವಾಸ ಹೋದವಳಲ್ಲ. ಗುಡ್ಡದ ತುದಿಗೆ ಹೋಗಿ ನಿಂತಳು, ಬಿಸಿ ಗೋಳಿಬಜೆ ತಿಂದಳು. ಅಮ್ಮ ಮಾತ್ರ ಹೋದಲ್ಲೆಲ್ಲ ತನ್ನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದಳು. ಚೇತನಾ ಅಲ್ಲಿಗೆ ಕಾಲಿಡಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಸರಸಳ ಮನೆ. ಒಂದು ಮಣೆಯ ಮೇಲೆ ಹೊಸ ಪಂಚೆ, ಎದುರಿನ ಮಣೆಯ ಮೇಲೆ ಹಸಿರು ಸೀರೆ. ಸೀರೆಯ ಪಕ್ಕ ಚೇತನಾ ಕೂತಳು.

"ಹೆಣ್ಣಿನ್ ಬಣ್ಣ ಹ್ಯಾಂಗೆ?" ಎಂದಳು ಸರಸ.

"ಕಪ್ಪೇ. ಕಣ್ಣ್ ಮಾತ್ರ ದೊಡ್ಡ," ಎಂದಳು ಜಲಜ.

"ನಮ್ ಗಂಡ್ ಎಂತ ಬಿಳೀನಾ? ಹಟ ಬೇರೆ ಜಾಸ್ತಿ. ಈಗ್ಳೇ ಹೇಳ್ತೆ."

"ನಮ್ಮವ್ಳೂ ಕಮ್ಮಿ ಅಲ್ಲ," ಎಂದ ಪ್ರೇಮಾನಂದ. "ತಂಗಿಗ್ ಬಂದ್ ಮೂರ್ ಗಂಡಿನ್ ಓಡ್ಸಿದ್ಲ್."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಸರಸ ಚೇತನಾಳನ್ನು ನೋಡಿದಳು.

"ಇದ್ದಿದ್ರೆ ಇವ್ಳ್ ಹಾಂಗೇ ಇರ್ತಿದ್ಲಾ?"

"ಹ್ಞಾ. ಇವ್ಳ್ ಹಾಂಗೇ," ಎಂದಳು ಜಲಜ.

ಸರಸಳ ಕಣ್ಣು ಅಡಿಯಿಂದ ಮುಡಿಯವರೆಗೆ ಮೆಲ್ಲಗೆ ಹತ್ತಿತು, ಸೊಸೆಯಾಗುವವಳನ್ನು ಅತ್ತೆ ನೋಡುವಂತೆ. ಚೇತನಾ ಪಾದಗಳನ್ನು ಲಂಗದೊಳಗೆ ಎಳೆದುಕೊಂಡಳು.

ಇನ್ನು ಹೂ ಮುಡಿಸುವುದೊಂದು ಬಾಕಿ. ಗಂಡಿನ ತಾಯಿ ಹೂ ಇಟ್ಟರೆ ಮಾತು ಗಟ್ಟಿಯಾದಂತೆ, ಹೆಣ್ಣು ಆ ಮನೆಯವಳಾದಂತೆ. ತೆಗೆದರೆ ಸಂಬಂಧ ಮುರಿದಂತೆ. ಸರಸ ಅಬ್ಬಲಿಗೆ ಹೂವಿನ ದಂಡೆ ಹಿಡಿದು ಬಂದಳು. ಅವಳ ಕಣ್ಣು ತುಂಬಿಹೋಗಿತ್ತು. ಸೀರೆಯ ಮೇಲಿಡಬೇಕಿದ್ದ ಕೈ ಒಂದು ಮೊಳ ಈಚೆಗೆ ಬಂತು. ಹೂವನ್ನು ಚೇತನಾಳ ಜಡೆಗೆ ಸಿಕ್ಕಿಸಿ, ಅವಳ ಗಲ್ಲ ಸವರಿ, "ಇನ್ ನನ್ ಮಗ ಒಬ್ನೇ ಅಲ್ಲ," ಎಂದಳು.

ಆಮೇಲೆ ಅವಳ ಕಣ್ಣು ಮಣೆಯ ಮೇಲಿನ ಸೀರೆಗೆ ಬಿತ್ತು.

ಪ್ರೇಮಾನಂದ ತಲೆ ತಗ್ಗಿಸಿದ. ಜಲಜಳ ಕೈ ಮಗಳ ಜಡೆಯತ್ತ ಎದ್ದು ಅರ್ಧದಲ್ಲೇ ನಿಂತಿತು. ತೆಗೆದರೆ ದೊಡ್ಡವಳ ಸಂಬಂಧ ಹೋಯಿತು, ಬಿಟ್ಟರೆ ಚಿಕ್ಕವಳೇ ಸತ್ತವನ ಮನೆಯವಳಾದಳು. ಚೇತನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಅಬ್ಬಿ, ಈ ಹೂ ತೆಗಿ," ಎಂದಳು ಅಮ್ಮನಿಗೆ.