ಶುಕ್ರವಾರದ ಕಾಲು

ಶುಕ್ರವಾರ ಸಂಜೆ ಬಾರಿನಲ್ಲಿ ಇಸ್ಪೀಟಾಡುವಾಗ ನನ್ನ ಗಂಡ ಆರ್ವಿಲ್‌ನ ಕಾಲು ಮೇಜಿನಡಿ ಚಡಪಡಿಸಿದರೆ ಅವನಿಗೆ ಒಳ್ಳೆಯ ಎಲೆ ಬಿದ್ದಿದೆ ಎಂದೇ ಗೆಳೆಯರ ಲೆಕ್ಕ. ಹೆದರಿ ಆಟ ಬಿಟ್ಟುಕೊಡುತ್ತಿದ್ದರು, ಇವನು ಗೆಲ್ಲುತ್ತಿದ್ದ. ಪಾರ್ಕಿನ್ಸನ್ ಮಾತ್ರೆಯ ಬಲ ಇಳಿದಾಗಿನ ಚಡಪಡಿಕೆ ಅದೆಂದು ನನಗೆ ಗೊತ್ತು. ಆದರೆ ಶುಕ್ರವಾರವೇ ಏಕೆ ಅಷ್ಟು ಬೇಗ ಇಳಿಯುತ್ತದೆ? ಕೊನೆಗೊಮ್ಮೆ ಹೊಳೆಯಿತು: ಶುಕ್ರವಾರ ಮಾತ್ರ ಅವನು ಮಾತ್ರೆ ನುಂಗುವುದು ಇಲ್ಲಿ, ಮಿಲ್ವಾಕಿಯ ಈ ಬಾರಿನಲ್ಲಿ, ಕರಿದ ಮೀನಿನ ಜೊತೆಗೆ. ಮೀನಿನ ಪ್ರೋಟೀನು ಮದ್ದಿಗೆ ಅಡ್ಡ ಬರುತ್ತದೆ ಎಂದರು ಡಾಕ್ಟರು.

ಈ ವಾರ ಊಟಕ್ಕೆ ಬಹಳ ಮುಂಚೆಯೇ ಮಾತ್ರೆ ಕೊಟ್ಟೆ. ಕಾಲು ಸುಮ್ಮನಿತ್ತು. ಆರ್ವಿಲ್ ಸೋತ, ಮತ್ತೆ ಸೋತ.

"ಏನೋ ಮುದುಕಾ, ಇವತ್ತು ಕಾಲಿಗೆ ರಜಾನಾ?" ಎಂದ ಗೆಳೆಯ ಕ್ಲೆಮೆಂಟ್.

ಮರುಕ್ಷಣವೇ ಕಾಲು ಕುಣಿಯತೊಡಗಿತು. ಗಾಬರಿಯಿಂದ ಬಗ್ಗಿ ನೋಡಿದೆ. ಬಾರಿನ ಹಾಡಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಪೋಲ್ಕಾ ಕುಣಿತದ ಹಾಡಿನ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು ಹೆಜ್ಜೆ.

ರೋಗಕ್ಕೆಲ್ಲಿಯ ತಾಳ, ಕಳ್ಳ!