ಗೀಟು ದಾಟಿದ ಕತ್ತರಿ

ಬೆನ್ನಿಗೆ ತಣ್ಣಗೆ ತಗುಲಿದ್ದು ಓರಗಿತ್ತಿಯ ಬೆರಳು, ರವಿಕೆಯ ಒಂದು ಗುಂಡಿ, ಎರಡು ಗುಂಡಿ, ಅಕ್ಕಾ ಉಸಿರು ಬಿಡು, ಹೀಗೆ ಬಿಗಿಹಿಡಿದು ನಿಂತ್ರೆ ಹೇಗೆ ಹಾಕ್ಲಿ, ದೊಡ್ಡವಳು ಬಿಡುತ್ತಾಳೆ, ಊರಿಗೆಲ್ಲ ಗುಂಡಿ ಕೂರಿಸಿದ ದರ್ಜಿ ಹೆಂಗಸು, ತನ್ನ ಗುಂಡಿ ತಾನು ಹಾಕಿಕೊಳ್ಳಲಾರಳು — ಬೆಳಗ್ಗೆ ಎದ್ದರೆ ಭುಜ ಮೇಲೇಳದು, ಸೊಂಟ ತಿರುಗದು, ಮಾತ್ರೆ ನುಂಗಿದ ಮೇಲೆ ಅವೆರಡೂ ಒಂದಿಷ್ಟು ಮಾತು ಕೇಳುತ್ತವೆ, ಈ ಬಲಗೈ ಮಣಿಕಟ್ಟು ಮಾತ್ರ ಹಟಮಾರಿ, ಊದಿಕೊಂಡು ಕೂತಿದೆ. ಪಾಲಿಮಯಾಲ್ಜಿಯಾ ರುಮಾಟಿಕಾ ಅಂತ ಡಾಕ್ಟರು ಅಂದಾಗ ಓರಗಿತ್ತಿ ನಕ್ಕಿದ್ದಳು, ಅಬ್ಬಾ, ಈ ಹೆಸರಿಗೆ ನಮ್ಮ ಅಳತೆಪಟ್ಟಿ ಸಾಲಲ್ಲ ಅಕ್ಕಾ, ದೊಡ್ಡವಳಿಗೆ ನಗು ಬರಲಿಲ್ಲ, ಎಷ್ಟು ದಿನದಿಂದ ನೋವು ಅಂತ ಡಾಕ್ಟರು ಕೇಳಿದ್ದಕ್ಕೆ ಎರಡು ವಾರ ಅಂದಳು, ಸುಳ್ಳು, ನಾಲ್ಕು ತಿಂಗಳು, ಆ ನೀಲಿ ಕೋಟು ಬರುವುದಕ್ಕೂ ಮೊದಲಿಂದ.

ನೀಲಿ ಉಣ್ಣೆ, ಟೀಚರಮ್ಮ ತೀರಿಹೋದ ಗಂಡನ ಕೋಟು ಬಿಚ್ಚಿಸಿ ತನ್ನ ಅಳತೆಗೆ ಹೊಲಿಸಿಕೊಳ್ಳಲು ತಂದದ್ದು, ಯಾವ ಅಂಗಡಿಯಲ್ಲೂ ಇನ್ನೊಂದು ಸಿಗದು, ಕತ್ತರಿ ದೊಡ್ಡವಳದು, ಮೆಷೀನು ಚಿಕ್ಕವಳದು, ಇಪ್ಪತ್ತು ವರ್ಷದ ಕಟ್ಟುಪಾಡು, ಸೀಮೆಸುಣ್ಣದ ಬಿಳಿ ಗೀಟಿನ ಮೇಲೆ ಹೋಗುತ್ತಿದ್ದ ಕತ್ತರಿ ಕೊರಳಿನ ತಿರುವಿನಲ್ಲಿ — ಮಣಿಕಟ್ಟಿನಲ್ಲಿ ಚಳುಕು — ಗೀಟು ದಾಟಿತು, ಎರಡು ಬೆರಳಷ್ಟು. ಮಾರನೆಯ ದಿನ ಟೀಚರಮ್ಮ ಆ ತುಂಡು ಎತ್ತಿ ಹಿಡಿದು, ಯಾರು ಕತ್ತರಿಸಿದ್ದು ಅಂದಳು, ಆಗ ಈ ಬಾಯಿಂದ ಬಂತಲ್ಲ, ನಮ್ಮ ಚಿಕ್ಕವಳಮ್ಮಾ, ಇನ್ನೂ ಕಲೀತಿದಾಳೆ. ಕಲೀತಿದಾಳಂತೆ! ಒಳಗೆ ಓಡುತ್ತಿದ್ದ ಮೆಷೀನು ಒಂದು ಗಳಿಗೆ ನಿಂತು ಮತ್ತೆ ಓಡಿತು, ಅಷ್ಟೇ, ಅದೇ ಬೆರಳು ಈಗ ಬೆನ್ನ ಮೇಲೆ, ಮೂರನೇ ಗುಂಡಿ, ಥೂ, ಭೂಮಿ ಬಾಯಿ ಬಿಡಬಾರದೇ.

ಇವತ್ತು ಟೀಚರಮ್ಮ ಬರುತ್ತಾಳೆ, ಉಳಿದ ಬಟ್ಟೆಯಲ್ಲಿ ಒಂದು ತೋಳಿಲ್ಲದ ವೇಸ್ಟ್‌ಕೋಟಾದರೂ ಆಗಲಿ, ಆದ್ರೆ ನೀವೇ ಕತ್ತರಿಸ್ಬೇಕು, ಅವಳ ಕೈಗೆ ಮಾತ್ರ ಕೊಡ್ಬೇಡಿ ಅಂದಿದ್ದಾಳೆ — ಚಮಚ ಹಿಡಿಯಲಾರದ ಕೈ ಇದು. ನೀನು ಚಿಂತೆ ಮಾಡ್ಬೇಡ, ಪರದೆ ಹಿಂದೆ ನಾನು ಕತ್ತರಿಸ್ತೀನಿ, ನಿಂದೇ ಅಂತ ಕೊಟ್ಬಿಡು, ಎನ್ನುತ್ತಿದ್ದಾಳೆ ಓರಗಿತ್ತಿ, ನಾಲ್ಕನೇ ಗುಂಡಿ, ಹೇಳಬೇಕು, ಟೀಚರಮ್ಮನ ಎದುರಿಗೇ ಹೇಳಬೇಕು, ಬಾಗಿಲು ತಟ್ಟಿದ ಸದ್ದು, ಬಂದೇಬಿಟ್ಟಳು, ಮೊದಲು ಇವಳಿಗಾದರೂ, ಕೇಳೇ, ಆವತ್ತು — ಗೊತ್ತು ಬಿಡಕ್ಕಾ, ನಿನ್ನ ಮಣಿಕಟ್ಟು ಊದಿದ್ದನ್ನ ಆಗಿನಿಂದ್ಲೂ ನಾನು ನೋಡ್ತಾನೇ ಇದ್ದೆ, ಬೆರಳು ಈಗ ಕುತ್ತಿಗೆಗೆ ಬಂದಿದೆ, ಕೊನೆಯ ಗುಂಡಿ, ಟೀಚರಮ್ಮನಿಗೆ ಹೇಳುವುದಿನ್ನೂ ಬಾಕಿ, ಕೊರಳಿನ ತಿರುವು, ಬಿಳಿ ಗೀಟು, ಗೀಟಿನಾಚೆ ಎರಡು ಬೆರಳು, ಎರಡು ಬೆರಳು —